ವಿಮರ್ಶಕರು ಕೈಬಿಟ್ಟ ಸಿನಿಮಾ ಪರ 20 ನಿಮಿಷ ಮಾತಾಡಬೇಕು, ತಯಾರಿ ಹೇಗೆ?

ಕುವೆಂಪುನಗರ ಕೊನೇ ಸ್ಟಾಪ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಒಂದು ಸಣ್ಣ ಸಿನಿಮಾ ಬಳಗ, ತಿಂಗಳಿಗೊಂದು ಭಾನುವಾರ ಸಂಜೆ ಕೂಟ. ಬಿಡುಗಡೆಯಾದಾಗ ವಿಮರ್ಶಕರು ಒಪ್ಪದಿದ್ದ ಒಂದು ಚಿತ್ರ ಆರಿಸಿಕೊಂಡು ಅದರ ಪರವಾಗಿ 20 ನಿಮಿಷ ಮಾತಾಡಬೇಕು, ಆಮೇಲೆ ಅರ್ಧ ಗಂಟೆ ಚರ್ಚೆ. ನಾನು ಆರಿಸಿಕೊಂಡಿದ್ದು ಗುರುದತ್ ಅವರೇ ನಿರ್ದೇಶಿಸಿ ನಟಿಸಿದ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’, ಸೋತುಹೋಗುವ ಒಬ್ಬ ಸಿನಿಮಾ ನಿರ್ದೇಶಕನ ಕಥೆ. ನನಗೆ ತುಂಬಾ ಪ್ರೀತಿಯ ಚಿತ್ರ. ಕ್ಯಾಮೆರಾ ಹಿಡಿದ ವಿ.ಕೆ. ಮೂರ್ತಿಯವರು ಮೈಸೂರಲ್ಲೇ ಹುಟ್ಟಿದವರು ಅನ್ನೋದು ಇನ್ನೊಂದು ಕಾರಣ.

ಚಿತ್ರದ ಮೇಲೆ ಇರುವ ದೂರುಗಳು ಗೊತ್ತಿರುವವೇ: ತುಂಬಾ ನಿಧಾನ, ಕತ್ತಲು ಜಾಸ್ತಿ, ನಾಯಕನ ಸ್ವಮರುಕ, ನಡುವೆ ಹೊಂದಿಕೆಯಾಗದ ಹಾಸ್ಯ. ಇವಕ್ಕೆ ಭಾವುಕವಾಗಿ ಅಲ್ಲದೆ ಉತ್ತರ ಕೊಡುವುದು ಹೇಗೆ? ಯಾವ ತುಣುಕು, ಎಷ್ಟು ಹೊತ್ತು ತೋರಿಸಬೇಕು? ಹಾಲ್ 18 ಅಡಿ ಅಗಲ, 30 ಅಡಿ ಉದ್ದ, 35 ಕುರ್ಚಿ, 8 ಅಡಿ ಅಗಲದ 16:9 ಪರದೆ, 3000 ಲುಮೆನ್ (ಚೆಲ್ಲುವ ಬೆಳಕಿನ ಅಳತೆ) ಪ್ರೊಜೆಕ್ಟರ್. ಎರಡೂ ಕಡೆ ಕಿಟಕಿ. ಶುರು ಸಂಜೆ 4:30ಕ್ಕೆ. ಟಿಕೆಟ್ ಇಲ್ಲ, ಆದರೂ ಅನುಮತಿ ಬೇಕಾ?

ಹಳೇ ರೀಲು:

ಮೊದಲನೇದಾಗಿ, ‘ಆಗಿನವರಿಗೆ ಅರ್ಥವಾಗಲಿಲ್ಲ, ಈಗ ಎಲ್ಲರೂ ಕ್ಲಾಸಿಕ್ ಅಂತಾರೆ’ ಅನ್ನುವ ಸಾಲನ್ನು ಭಾಷಣದಿಂದ ತೆಗೆದುಬಿಡಿ. ಅದರಿಂದ ಚಿತ್ರದ ಬಗ್ಗೆ ಏನೂ ತಿಳಿಯುವುದಿಲ್ಲ. ಹಿಚ್‌ಕಾಕ್ ಅವರ ‘ವರ್ಟಿಗೊ’ 1958ರಲ್ಲಿ ಬಂದಾಗ ವಿಮರ್ಶೆಗಳು ಅರೆಮನಸ್ಸಿನವು. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಸಾರ್ವಕಾಲಿಕ ಶ್ರೇಷ್ಠ ಚಿತ್ರಕ್ಕಾಗಿ ನಡೆಸುವ ವಿಮರ್ಶಕರ ಮತದಾನದಲ್ಲಿ 2012ರಲ್ಲಿ ಅದೇ ಚಿತ್ರಕ್ಕೆ ಮೊದಲ ಸ್ಥಾನ, 2022ರಲ್ಲಿ ಎರಡನೇದು. ಆ ಹತ್ತು ವರ್ಷದಲ್ಲಿ ಚಿತ್ರ ಬದಲಾಗಲಿಲ್ಲ, ಮತ ಹಾಕುವವರು ಬದಲಾದರು. ಮತದ ಎಣಿಕೆ ಒಂದು ದೃಶ್ಯವನ್ನೂ ವಿವರಿಸುವುದಿಲ್ಲ.

ಎರಡನೇದು, ‘ವಿಮರ್ಶಕರು ಪೂರ್ತಿ ತಳ್ಳಿಹಾಕಿದರು’ ಅನ್ನಬೇಡಿ, ಅದು ಸರಿಯಲ್ಲ. ದುಡ್ಡು ಮಾಡಲಿಲ್ಲ ಅನ್ನೋದು ನಿಜ, ಇದಾದ ಮೇಲೆ ಗುರುದತ್ ತಮ್ಮ ಹೆಸರಲ್ಲಿ ಇನ್ನೊಂದು ಚಿತ್ರ ನಿರ್ದೇಶಿಸಲಿಲ್ಲ ಅನ್ನೋದೂ ನಿಜ. ಆದರೆ ಇದೇ ಚಿತ್ರಕ್ಕೆ ಛಾಯಾಗ್ರಹಣಕ್ಕಾಗಿ ಮೂರ್ತಿಯವರಿಗೆ, ಕಲಾ ನಿರ್ದೇಶನಕ್ಕಾಗಿ ಎಂ.ಆರ್. ಆಚ್ರೇಕರ್ ಅವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅಂದರೆ ಕಣ್ಣಿಗೆ ಕಾಣುವ ಭಾಗ ಚೆನ್ನಾಗಿದೆ ಅಂತ ಆಗಲೇ ಒಪ್ಪಿಕೊಂಡಿದ್ದರು, ಜಗಳ ಇದ್ದದ್ದು ಕಥೆ ಮತ್ತು ಅದರ ವೇಗದ ಬಗ್ಗೆ. ನಿಮ್ಮ 20 ನಿಮಿಷದ ಕೆಲಸ ಇದೊಂದೇ: ಈ ಚಿತ್ರದಲ್ಲಿ ಕಥೆ ಬೇರೆ, ಬೆಳಕು ಬೇರೆ ಅಂತ ಬಿಡಿಸೋಕೆ ಆಗಲ್ಲ ಅನ್ನೋದನ್ನು ಪರದೆಯ ಮೇಲೆ ತೋರಿಸುವುದು. ‘ಫೋಟೋಗ್ರಫಿ ಅದ್ಭುತ, ಕಥೆ ಸುಮಾರು’ ಅನ್ನೋ ಮಾತು ನಿಮ್ಮ ಸಭೆಯಲ್ಲೂ ಖಂಡಿತ ಬರುತ್ತೆ. ನೀವು ಎದುರಿಸಬೇಕಾದ್ದು ಅದನ್ನೇ.

ತಯಾರಿಗೆ ನಾಲ್ಕು ಸುತ್ತು ನೋಡಿ. ಮೊದಲು ನಿಲ್ಲಿಸದೆ ಪೂರ್ತಿ. ಆಮೇಲೆ ದನಿ ಮುಚ್ಚಿ, ಚಿತ್ರ ಮಾತ್ರ. ಆಮೇಲೆ ಪರದೆಗೆ ಬೆನ್ನು ಹಾಕಿ ದನಿ ಮಾತ್ರ. ಕೊನೆಗೆ ಕಾಗದ ಇಟ್ಟುಕೊಂಡು. ಕಾಗದದಲ್ಲಿ ಮೂರು ಕಾಲಂ ಸಾಕು: ಗಂಟೆ-ನಿಮಿಷ-ಸೆಕೆಂಡು, ಕಣ್ಣಿಗೆ ಕಂಡದ್ದು, ಅದರಿಂದ ಆದ ಪರಿಣಾಮ. ಎರಡನೇ ಕಾಲಂನಲ್ಲಿ ‘ಸುಂದರ’, ‘ಮನಮುಟ್ಟುವ’ ಥರದ ಪದ ಬಂದರೆ ಹೊಡೆದುಹಾಕಿ. ಅಲ್ಲಿ ನಾಮಪದ, ಕ್ರಿಯಾಪದ ಮಾತ್ರ ಇರಲಿ. ಜನ ಎಡವುವುದು ಇಲ್ಲೇ: ಮೂರನೇ ಕಾಲಂ ಮೊದಲು ತುಂಬಿ, ಅದಕ್ಕೆ ತಕ್ಕ ಹಾಗೆ ಎರಡನೇದನ್ನು ಹೊಂದಿಸುತ್ತಾರೆ. ಸಭೆಯಲ್ಲಿ ಯಾರಾದರೂ ‘ಎಲ್ಲಿದೆ ತೋರಿಸಿ’ ಅಂದಾಗ ಆ ಸೆಕೆಂಡಿನಲ್ಲಿ ಅಂಥದ್ದೇನೂ ಇರುವುದಿಲ್ಲ.

ದೂರುಗಳನ್ನು ಮೂರು ಗುಂಪು ಮಾಡಿ. ನಿಜ ಮತ್ತು ದೋಷ. ನಿಜ, ಆದರೆ ದೋಷವಲ್ಲ, ಚಿತ್ರದ ರೀತಿಯೇ ಅದು. ನಿಜವೇ ಅಲ್ಲ. ಜಾನಿ ವಾಕರ್ ಮಾಡಿದ ರಾಕಿ ಪಾತ್ರದ ಹಾಸ್ಯ ಮೊದಲ ಗುಂಪಿಗೆ ಸೇರಿದ್ದು, ಒಪ್ಪಿಕೊಂಡುಬಿಡಿ. ಒಂದು ದೂರನ್ನು ಪೂರ್ತಿ ಒಪ್ಪಿದವರ ಮಿಕ್ಕ ಮಾತಿಗೆ ಕಿವಿ ಸಿಗುತ್ತೆ. ‘ನಿಧಾನ’ ಎರಡನೇ ಗುಂಪು. ಅದನ್ನು ಎಣಿಸಿ ಹೇಳಿ: ಒಂದೊಂದು ಐದು ನಿಮಿಷದ ಮೂರು ಭಾಗ ತೆಗೆದುಕೊಂಡು, ಕಟ್ ಆದಾಗಲೆಲ್ಲ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾದಾಗಲೆಲ್ಲ, ಪೆನ್ನಿನಲ್ಲಿ ಒಂದು ಗೀಟು. 300 ಸೆಕೆಂಡನ್ನು ಶಾಟ್ ಸಂಖ್ಯೆಯಿಂದ ಭಾಗಿಸಿದರೆ ಒಂದು ಶಾಟಿನ ಸರಾಸರಿ ಉದ್ದ. ಹಾಡು, ಸಂಭಾಷಣೆ, ಸ್ಟುಡಿಯೋ ದೃಶ್ಯ ಮೂರನ್ನೂ ಬೇರೆ ಬೇರೆ ಎಣಿಸಿ, ಕಲಸಿದರೆ ಲೆಕ್ಕ ಹಾಳು. ಶಾಟ್ ಎಷ್ಟು ಉದ್ದ ಅನ್ನೋದರ ಜೊತೆಗೆ, ಅದರೊಳಗೆ ಎಷ್ಟು ಬದಲಾವಣೆ ಆಗುತ್ತೆ ಅಂತಲೂ ಬರೆದುಕೊಳ್ಳಿ. ಕ್ಯಾಮೆರಾ ಚಲಿಸುತ್ತಾ, ವ್ಯಕ್ತಿ ಕತ್ತಲಿಂದ ಬೆಳಕಿಗೆ ಬಂದು ಮತ್ತೆ ಕತ್ತಲಿಗೆ ಸೇರುವ ಶಾಟ್ ಉದ್ದವಾಗಿದ್ದರೂ ನಿಂತ ನೀರಲ್ಲ.

ತುಣುಕಿನ ವಿಷಯ. ಮೂರು ಸಾಕು, ಎಲ್ಲ ಸೇರಿ 7 ನಿಮಿಷ ಮೀರದಿರಲಿ. ಒಂದಂತೂ ‘ವಕ್ತ್ ನೇ ಕಿಯಾ’ ಹಾಡೇ ಆಗಬೇಕು. ಖಾಲಿ ಸ್ಟುಡಿಯೋ, ಅತ್ತ ನಾಯಕನಾಗಿ ಗುರುದತ್, ಇತ್ತ ನಟಿ ವಹೀದಾ ರೆಹಮಾನ್, ನಡುವೆ ಮೇಲಿಂದ ಓರೆಯಾಗಿ ಇಳಿಯುವ ಒಂದು ಬಿಸಿಲುಕೋಲು. ಗೀತಾ ದತ್ ಅವರ ದನಿ ಬರುತ್ತಿದೆ, ಆದರೆ ಪರದೆ ಮೇಲೆ ಇಬ್ಬರ ತುಟಿಯೂ ಅಲ್ಲಾಡುವುದಿಲ್ಲ. ಇಬ್ಬರೂ ಮುಟ್ಟಿಕೊಳ್ಳುವುದಿಲ್ಲ. ಅವರ ಮೈಯೊಳಗಿಂದ ನೆರಳಿನಂಥ ಇನ್ನೊಂದು ರೂಪ ಎದ್ದು ಬಂದು, ಆ ರೂಪಗಳು ಮಾತ್ರ ಒಂದಾಗುತ್ತವೆ. ಕಥೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ್ದು ಇಲ್ಲಿ ಬೆಳಕಲ್ಲಿ ನಡೆದುಹೋಗುತ್ತೆ.

ಆ ಬಿಸಿಲುಕೋಲು ಆದದ್ದು ಹೇಗೆ ಅನ್ನೋದಕ್ಕೆ ಒಂದೂವರೆ ನಿಮಿಷ ಕೊಡಿ, ಮೈಸೂರಿನ ಸಭೆಗೆ ಅದು ಹೇಳಲೇಬೇಕಾದದ್ದು. ಸ್ಟುಡಿಯೋ ದೀಪದ ಬೆಳಕು ಹೊರಟ ಜಾಗದಿಂದ ಹರಡಿಕೊಳ್ಳುತ್ತಾ ಹೋಗುತ್ತೆ, ಅಂಚು ಮಸುಕಾಗುತ್ತೆ. ಸೂರ್ಯ ಬಲು ದೂರದಲ್ಲಿರುವುದರಿಂದ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ಕೋಲು ಕೋಲಾಗಿಯೇ ಉಳಿಯುತ್ತೆ. ಮೂರ್ತಿಯವರು ಸ್ಟುಡಿಯೋ ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿದರು, ಮೇಲಿನ ಅಟ್ಟಣಿಗೆಯಲ್ಲಿ ಇನ್ನೊಂದು ಕನ್ನಡಿ ಇಟ್ಟು ಅದನ್ನು ಕೆಳಕ್ಕೆ ಇಳಿಸಿದರು. ಇದರ ಕಷ್ಟ ಏನೆಂದರೆ ಸೂರ್ಯ ನಿಲ್ಲುವುದಿಲ್ಲ. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಕನ್ನಡಿಯನ್ನು ಹಾಗೇ ಬಿಟ್ಟರೆ 50 ಅಡಿ ದೂರದಲ್ಲಿ ಬೆಳಕು ಸುಮಾರು ಹತ್ತು ಅಂಗುಲ ಜರುಗಿರುತ್ತೆ, ನಟ ನಿಂತ ಗುರುತಿನಿಂದ ಆಚೆಗೆ. ಶಾಟ್‌ಗೆ ಮುಂಚೆ ಕನ್ನಡಿಯನ್ನು ಮತ್ತೆ ಮತ್ತೆ ಹೊಂದಿಸದೆ ವಿಧಿಯಿಲ್ಲ. ಇದನ್ನು ಕೇಳಿದ ಮೇಲೆ ಅದೇ ತುಣುಕಿನ 30 ಸೆಕೆಂಡು ಇನ್ನೊಮ್ಮೆ ಹಾಕಿ. ಜನ ಈ ಸಲ ಕೋಲಿನೊಳಗೆ ತೇಲುವ ದೂಳನ್ನೂ ನೋಡುತ್ತಾರೆ.

ಮಂಡ್ಯ ಮ್ಯಾಟಿನಿ:

ಮೇಲಿನವರು ಹೇಳಿದ್ದೆಲ್ಲ ಸರಿ ಕಣ್ರೀ, ಆದರೆ 4:30ಕ್ಕೆ ಕಿಟಕಿ ಇಟ್ಕೊಂಡು ಆ ಬಿಸಿಲುಕೋಲು ತೋರಿಸಿದ್ರೆ ಯಾರಿಗೂ ಏನೂ ಕಾಣಲ್ಲ. ಮೊದಲು ಅದನ್ನ ಸರಿ ಮಾಡ್ಕೊಳಿ.

ಇದು ಪ್ರೊಜೆಕ್ಟರ್ ಬೆಳಕು ಸಾಲದ ತೊಂದರೆ ಅಲ್ಲ. 8 ಅಡಿ ಅಗಲದ 16:9 ಪರದೆ ಅಂದ್ರೆ ಎತ್ತರ ನಾಲ್ಕೂವರೆ ಅಡಿ, ಒಟ್ಟು 36 ಚದರಡಿ. 3000 ಲುಮೆನ್ ಅಂತ ಬರೆದಿದ್ರೂ ಸಿನಿಮಾ ಮೋಡಲ್ಲಿ 1800 ಸಿಕ್ತು ಅಂತ ಇಟ್ಕೊಳಿ, 36ರಿಂದ ಭಾಗಿಸಿದ್ರೆ 50 ಫುಟ್-ಲ್ಯಾಂಬರ್ಟ್ (ಪರದೆ ಹೊಳಪಿನ ಅಳತೆ). ಚಿತ್ರಮಂದಿರದ ಮಟ್ಟ 14. ಹಾಗಾಗಿ ಬೆಳಕು ಧಂಡಿಯಾಗಿದೆ, ಇಲ್ಲದಿರೋದು ಕಪ್ಪು. ಪ್ರೊಜೆಕ್ಟರ್ ಕಪ್ಪು ಬಣ್ಣ ಚೆಲ್ಲಲ್ಲ, ಬೆಳಕು ಬೀಳದ ಜಾಗನೇ ಕಪ್ಪು. ಕಿಟಕಿ ಬೆಳಕು ಅಲ್ಲಿ ಬಿದ್ರೆ ಕಪ್ಪೆಲ್ಲ ಬೂದಿ ಆಗುತ್ತೆ. ‘ಚಿತ್ರ ಬರೀ ಕತ್ತಲು’ ಅನ್ನೋ ದೂರಿಗೆ ನೀವೇ ಸಾಕ್ಷಿ ಒದಗಿಸಿದಂಗಾಗುತ್ತೆ. ಆಗೋದಾದ್ರೆ 7 ಗಂಟೆಗೆ ಶುರು ಮಾಡಿ. ಆಗಲ್ಲ ಅಂದ್ರೆ ಕಿಟಕಿಗೆ ಕಪ್ಪು ಬಟ್ಟೆ ಎರಡು ಪದರ, ಚೌಕಟ್ಟಿನಾಚೆ ಎಲ್ಲಾ ಕಡೆ ಆರಂಗುಲ ಜಾಸ್ತಿ ಬರೋ ಹಂಗೆ. ಒಂದೇ ಪದರ ಹಾಕಿದ್ರೆ ಪಶ್ಚಿಮದ ಬಿಸಿಲು ನೂಲಿನ ಸಂದಿಯಿಂದ ಇಳೀತದೆ. ಪರದೆ ಪಕ್ಕದ ಗೋಡೆ ಬಿಳಿ ಇದ್ರೆ ಮೊದಲ ನಾಲ್ಕು ಅಡಿಗೂ ಕಪ್ಪು ಬಟ್ಟೆ ಇಳಿಬಿಡಿ, ಪರದೆ ಬೆಳಕೇ ಗೋಡೆಗೆ ಹೊಡೆದು ವಾಪಸ್ ಬರುತ್ತೆ.

ಈ ಚಿತ್ರ ಸಿನಿಮಾಸ್ಕೋಪು, ಭಾರತದಲ್ಲಿ ಮೊದಲನೇದು. ಅಗಲ-ಎತ್ತರ 2.35:1. ನಿಮ್ಮ ಪರದೆ ಮೇಲೆ ಚಿತ್ರದ ಎತ್ತರ 3.4 ಅಡಿ ಬರುತ್ತೆ, ಮೇಲೆ ಕೆಳಗೆ ತಲಾ ಆರೂವರೆ ಅಂಗುಲ ಕಪ್ಪು ಪಟ್ಟಿ. ಯಾರಾದ್ರೂ ‘ಪರದೆ ತುಂಬಾ ಮಾಡಿ’ ಅಂದ್ರೆ ಒಪ್ಪಬೇಡಿ, ಮುಖ ಎಲ್ಲ ಉದ್ದ ಆಗುತ್ತೆ ಇಲ್ಲ ಅಂಚು ಕತ್ತರಿಸಿ ಹೋಗುತ್ತೆ.

ಅಂಚು ಅಂದಾಗ ಒಂದು ಮುಖ್ಯ ವಿಷ್ಯ. ಹಳೇ ಟಿವಿ ಅಳತೆಗೆ ಕತ್ತರಿಸಿದ ಪ್ರತಿಗಳು ಓಡಾಡ್ತವೆ. 2.35ನ್ನ 1.33ಕ್ಕೆ ಇಳಿಸಿದ್ರೆ ಅಗಲದಲ್ಲಿ ನೂರಕ್ಕೆ 43 ಭಾಗ ಹೊರಟುಹೋಗುತ್ತೆ. ಆ ಹಾಡಲ್ಲಿ ಇಬ್ಬರು ಚೌಕಟ್ಟಿನ ಎರಡು ತುದೀಲಿ ನಿಂತು, ನಡುವಿನ ಖಾಲಿ ಜಾಗನೇ ಅರ್ಥ ಕೊಡೋ ಶಾಟ್ ಇದಾವೆ. ಕತ್ತರಿಸಿದ ಪ್ರತೀಲಿ ಒಬ್ರು ಇರ್ತಾರೆ, ಇನ್ನೊಬ್ರು ಇರಲ್ಲ. ಟಿವೀಲಿ ನೋಡಿ ‘ಬೋರು’ ಅಂದವರ ಮೇಲೆ ಕೋಪ ಬೇಡ, ಅವರು ನೋಡಿದ್ದು ಅರ್ಧ ಚಿತ್ರ. ಒಂದೇ ಫ್ರೇಮನ್ನ ಎರಡೂ ಅಳತೇಲಿ ಅಕ್ಕಪಕ್ಕ ಇಟ್ಟು ಹತ್ತು ಸೆಕೆಂಡು ತೋರಿಸಿ. ನಿಮ್ಮ ಭಾಷಣದಲ್ಲಿ ಇದಕ್ಕಿಂತ ಗಟ್ಟಿ ವಾದ ಇನ್ನೊಂದು ಸಿಗಲ್ಲ.

ಸೆಟ್ಟಿಂಗು: ಥ್ರೋ ಅನುಪಾತ (ಪರದೆ ಅಗಲದ ಎಷ್ಟು ಪಟ್ಟು ದೂರದಲ್ಲಿ ಪ್ರೊಜೆಕ್ಟರ್ ಇಡಬೇಕು ಅನ್ನೋದು) 1.5 ಇದ್ರೆ ಪರದೆಯಿಂದ ಲೆನ್ಸಿಗೆ 12 ಅಡಿ. ಕೀಸ್ಟೋನ್ ಗುಂಡಿ ಮುಟ್ಟಬೇಡಿ, ಅದು ಚಿತ್ರವನ್ನ ಎಳೆದು ಹೊಂದಿಸೋದು, ಹರಿತ ಹೋಗುತ್ತೆ. ಪ್ರೊಜೆಕ್ಟರನ್ನೇ ಎತ್ತರಿಸಿ, ಸಮತಟ್ಟಾಗಿ ನೇರ ಕೂರಿಸಿ. ಡೈನಾಮಿಕ್ ಕಾಂಟ್ರಾಸ್ಟ್, ಮೋಷನ್ ಸ್ಮೂದಿಂಗ್ ಎರಡೂ ಆಫ್. ಬಣ್ಣದ ಸ್ಯಾಚುರೇಷನ್ ಸೊನ್ನೆ, ಇಲ್ಲಾಂದ್ರೆ ಕಪ್ಪು-ಬಿಳುಪಲ್ಲಿ ಹಸಿರೋ ನೀಲಿಯೋ ಇಣುಕುತ್ತೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ ರೇಂಜು (ಕಪ್ಪಿಂದ ಬಿಳುಪಿನ ತನಕದ ಮಟ್ಟದ ಸೆಟ್ಟಿಂಗು) ಮತ್ತು ಪ್ರೊಜೆಕ್ಟರ್ ರೇಂಜು ಎರಡೂ ಒಂದೇ ಇರಬೇಕು. ಒಂದು ಫುಲ್, ಇನ್ನೊಂದು ಲಿಮಿಟೆಡ್ ಆದ್ರೆ ಒಂದೋ ಎಲ್ಲ ಬೂದಿ, ಇಲ್ಲ ಕೋಟಿನ ಮಡಿಕೆ, ತಲೆಗೂದಲು ಎಲ್ಲ ಒಂದೇ ಮಸಿ ಮುದ್ದೆ. ಪರದೆಯ ಕೆಳಗಿನ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ, ಸಬ್‌ಟೈಟಲ್ ಮುಂದಿನವರ ತಲೆಗೆ ಮರೆಯಾಗಬಾರದು.

ಸೌಂಡು ಮಾನೋ (ಒಂದೇ ಚಾನೆಲ್) ಇದ್ರೆ ಎರಡು ಕಡೆ ಸ್ಪೀಕರ್ ಬೇಡ. ಪಕ್ಕದಲ್ಲಿ ಕೂತವರಿಗೆ ಹತ್ತಿರದ ಡಬ್ಬದಿಂದ ಮಾತು ಬಂದಂಗಾಗುತ್ತೆ. ಒಂದೇ ಸ್ಪೀಕರ್, ಪರದೆ ನಡುವಿನ ಕೆಳಗೆ. ಬ್ಲೂಟೂತ್ ಬೇಡವೇ ಬೇಡ, ದನಿ ತಡವಾಗಿ ಬಂದು ತುಟಿಗೆ ಕೂರಲ್ಲ. ಗುಂಯ್ ಅಂತ ಸದ್ದು ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್, ಪ್ರೊಜೆಕ್ಟರ್, ಸ್ಪೀಕರ್ ಮೂರನ್ನೂ ಒಂದೇ ಬೋರ್ಡಿಗೆ ಹಾಕಿ. ನಡುವಿನ ಸಾಲಲ್ಲಿ ಮಾತಿನ ಮಟ್ಟ 70 ಡೆಸಿಬಲ್ ಹತ್ತಿರ ಸಾಕು. ಹಳೇ ಟ್ರ್ಯಾಕು, ಜಾಸ್ತಿ ಕೊಟ್ರೆ ಸುಯ್ಯನ್ನೋ ಸದ್ದೇ ಮೇಲೆ ಬರುತ್ತೆ.

ಸಂಜೆ ಮಳೆ ಹಿಡಿದು ಕರೆಂಟು ಹೋದ್ರೆ ಯುಪಿಎಸ್ ಇರಬೇಕು. ಪ್ರೊಜೆಕ್ಟರ್ 300 ವ್ಯಾಟ್, ಲ್ಯಾಪ್‌ಟಾಪು, ಸ್ಪೀಕರು ಸೇರಿ ಇನ್ನೊಂದು 150. 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟು, ತಡೆಯಲ್ಲ. 1 ಕೆವಿಎ ತನ್ನಿ. ದೀಪ ಇರೋ ಪ್ರೊಜೆಕ್ಟರ್ ಆದ್ರೆ ಫ್ಯಾನು ನಿಂತ ತಕ್ಷಣ ದೀಪ ಒಳಗೇ ಕಾದು ಹಾಳಾಗಬಹುದು, ಐದು ನಿಮಿಷ ತಣ್ಣಗಾಗೋಷ್ಟು ಬ್ಯಾಟರಿ ಬೇಕೇ ಬೇಕು.

ಅಗ್ರಹಾರದ ಓದುಗ:

ಅನುಮತಿ ಬಗ್ಗೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರ ಪ್ರಕಾರ ಚಲನಚಿತ್ರದ ರಕ್ಷಣೆ, ಬಿಡುಗಡೆಯಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1959ರ ಚಿತ್ರಕ್ಕೆ ಆ ಅವಧಿ 2019ರ ಡಿಸೆಂಬರ್ 31ಕ್ಕೆ ಮುಗಿಯಿತು. ಚಿತ್ರದ ಮಟ್ಟಿಗೆ ಭಾರತದಲ್ಲಿ ತೊಡಕಿಲ್ಲ. ಆದರೆ ಅಲ್ಲಿಗೆ ನಿಲ್ಲಬೇಡಿ. ಹಾಡಿನ ಸ್ವರ ಸಂಯೋಜನೆ ಮತ್ತು ಸಾಹಿತ್ಯಕ್ಕೆ ಲೆಕ್ಕ ಬೇರೆ: ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಸಂಗೀತ ಕೊಟ್ಟ ಎಸ್.ಡಿ. ಬರ್ಮನ್ ತೀರಿಕೊಂಡದ್ದು 1975ರಲ್ಲಿ, ಸಾಹಿತ್ಯ ಬರೆದ ಕೈಫಿ ಆಜ್ಮಿ 2002ರಲ್ಲಿ. ಅವೆರಡೂ ಇನ್ನೂ ರಕ್ಷಣೆಯಲ್ಲಿವೆ. ವಿಮರ್ಶೆಗಾಗಿ ತುಣುಕು ಬಳಸುವುದಕ್ಕೆ ಅದೇ ಕಾಯ್ದೆಯ 52ನೇ ಕಲಂ ಜಾಗ ಕೊಡುತ್ತೆ. ಅದಕ್ಕೇ ತುಣುಕು ಚಿಕ್ಕದಾಗಿರಲಿ, ಪ್ರತಿ ತುಣುಕಿಗೂ ನಿಮ್ಮ ಮಾತು ಅಂಟಿಕೊಂಡಿರಲಿ. ಹಾಡನ್ನು ಸುಮ್ಮನೆ ರಂಜನೆಗೆ ಹಾಕುವುದು ಬೇರೆ, ಅದರ ಬಗ್ಗೆ ಮಾತಾಡಲು ಹಾಕುವುದು ಬೇರೆ.

‘ಟಿಕೆಟ್ ಇಲ್ಲವಲ್ಲ’ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಹವ್ಯಾಸಿ ಸಂಘಗಳು ಹಣ ಪಡೆಯದೆ ಮಾಡುವ ಪ್ರದರ್ಶನಕ್ಕೆ ಕಾಯ್ದೆಯಲ್ಲಿರುವ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ, ಚಲನಚಿತ್ರಕ್ಕಲ್ಲ. ಮುಂದಿನ ತಿಂಗಳು ನಿಮ್ಮ ಬಳಗದಲ್ಲಿ ಇನ್ನೊಬ್ಬರು 1990ರ ಚಿತ್ರ ಆರಿಸಿ ಪೂರ್ತಿ ತೋರಿಸಹೊರಟರೆ ಹಕ್ಕುದಾರರ ಒಪ್ಪಿಗೆ ಬೇಕು. ಮನೆ ಬಳಕೆಗೆ ತೆಗೆದುಕೊಂಡ ಒಟಿಟಿ ಚಂದಾ ಸಭೆಯಲ್ಲಿ ತೋರಿಸಲು ಸಲ್ಲುವುದಿಲ್ಲ. ಹಳೆಯ ಚಿತ್ರವೇ ಆದರೂ ಯಾರೋ ಹೊಸದಾಗಿ ಬರೆದ ಸಬ್‌ಟೈಟಲ್‌ಗೆ ಪ್ರತ್ಯೇಕ ಹಕ್ಕು ಇರಬಹುದು. ಮುಂದೆ ಪೂರ್ತಿ ಚಿತ್ರಗಳನ್ನೇ ತೋರಿಸುವ ಯೋಚನೆ ಇದ್ದರೆ ಫಿಲ್ಮ್ ಸೊಸೈಟಿ ಆಗಿ ನೋಂದಾಯಿಸಿಕೊಂಡು ಫೆಡರೇಷನ್ ಆಫ್ ಫಿಲ್ಮ್ ಸೊಸೈಟೀಸ್‌ಗೆ ಸೇರುವುದು ಒಳ್ಳೆಯದು. ಆ ಫೆಡರೇಷನ್ ಶುರುವಾದದ್ದೂ ಈ ಚಿತ್ರ ಬಂದ 1959ರಲ್ಲೇ.

ಕುವೆಂಪುನಗರ ಕೊನೇ ಸ್ಟಾಪ್:

ಮೂವರಿಗೂ ತುಂಬಾ ಧನ್ಯವಾದ. ಸಮಯ 7 ಗಂಟೆಗೆ ಬದಲಾಯಿಸಲು ಬಳಗ ಒಪ್ಪಿದೆ. ಇನ್ನೆರಡು ಪ್ರಶ್ನೆ. ತುಣುಕುಗಳನ್ನು ಪೂರ್ತಿ ಫೈಲಿನಿಂದಲೇ ಓಡಿಸಿ ತೋರಿಸಲಾ, ಕತ್ತರಿಸಿಟ್ಟುಕೊಳ್ಳಲಾ? ಮತ್ತೆ ‘ಸ್ವಮರುಕ’ ಅನ್ನುವ ದೂರು ಹಳೇ ರೀಲು ಅವರ ಮೂರು ಗುಂಪಿನಲ್ಲಿ ಯಾವುದಕ್ಕೆ ಸೇರುತ್ತೆ? ನನಗೆ ಕಷ್ಟವಾಗುತ್ತಿರುವುದು ಅದೇ.

ಒಂಟಿಕೊಪ್ಪಲ್ ಸೆಕೆಂಡ್ ಶೋ:

ಕತ್ತರಿಸಿಯೇ ಇಟ್ಟುಕೊಳ್ಳಿ. ಸಭೆ ಮುಂದೆ ಫೈಲನ್ನು ಹಿಂದೆ ಮುಂದೆ ಎಳೆಯುತ್ತಾ ಹೋದರೆ ಪ್ರತಿ ಸಲ 20-30 ಸೆಕೆಂಡು ಹಾಳು, ಮೇಲಾಗಿ ತೋರಿಸಬಾರದ ಮುಂದಿನ ದೃಶ್ಯಗಳು ಮಿಂಚಿ ಹೋಗುತ್ತವೆ. 01, 02, 03 ಅಂತ ಹೆಸರು ಕೊಡಿ, ಹಿಂದೆ ಮುಂದೆ ಎರಡೆರಡು ಸೆಕೆಂಡು ಕಪ್ಪು ಸೇರಿಸಿ. ಮರು-ಎನ್‌ಕೋಡ್ ಮಾಡದೆ (ವಿಡಿಯೋವನ್ನು ಹೊಸದಾಗಿ ಕಟ್ಟಿ ಉಳಿಸದೆ) ಕತ್ತರಿಸಿದರೆ ತುಣುಕಿನ ಮೊದಲ ಒಂದೆರಡು ಸೆಕೆಂಡು ಚಿತ್ರ ಹೆಪ್ಪುಗಟ್ಟಿ ನಿಲ್ಲಬಹುದು, ಯಾಕೆಂದರೆ ವಿಡಿಯೋದಲ್ಲಿ ಪೂರ್ತಿ ಚಿತ್ರ ಇರುವುದು ಕೀಫ್ರೇಮುಗಳಲ್ಲಿ ಮಾತ್ರ, ನಡುವಿನವು ಬರೀ ವ್ಯತ್ಯಾಸ. ಮರು-ಎನ್‌ಕೋಡ್ ಮಾಡುವಾಗ ಬಿಟ್‌ರೇಟು (ಪ್ರತಿ ಸೆಕೆಂಡಿಗೆ ಇಡುವ ಮಾಹಿತಿ) ಕಡಿಮೆ ಮಾಡಬೇಡಿ. ಕತ್ತಲು ತುಂಬಿದ ಕಪ್ಪು-ಬಿಳುಪು ಚಿತ್ರದಲ್ಲಿ ಮೊದಲು ಕೆಡುವುದು ಬೂದು ಬಣ್ಣದ ಮೆಲ್ಲನೆಯ ಇಳಿಜಾರು. ಬಿಸಿಲುಕೋಲಿನ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಾಣಿಸುತ್ತೆ.

ದೂರುಗಳನ್ನು ಒಪ್ಪಿಕೊಳ್ಳಿ ಅಂತ ಹಳೇ ರೀಲು ಅವರು ಹೇಳಿದ್ದು ಸರಿ, ಆದರೆ ಭಾಷಣವನ್ನು ಅಲ್ಲಿಂದ ಶುರು ಮಾಡಬೇಡಿ. ಚಿತ್ರ ನೋಡದವರು ಅರ್ಧ ಜನ ಇರುತ್ತಾರೆ. ಅವರ ಕಿವಿಗೆ ಮೊದಲು ತಪ್ಪಿನ ಪಟ್ಟಿ ಬಿದ್ದರೆ ಆಮೇಲೆ ಅದನ್ನೇ ಹುಡುಕುತ್ತಾ ಕೂರುತ್ತಾರೆ. ಪೀಠಿಕೆ ಇಲ್ಲದೆ ದೀಪ ಆರಿಸಿ, ಮೊದಲ ತುಣುಕು ಹಾಕಿಬಿಡಿ. ಎರಡು ನಿಮಿಷದ್ದು ಸಾಕು. ಮುದಿ ನಿರ್ದೇಶಕ ಸ್ಟುಡಿಯೋಗೆ ವಾಪಸ್ ಬಂದು ಮೇಲಿನ ಅಟ್ಟಣಿಗೆ ಹತ್ತಿ ಕೆಳಗೆ ನೋಡುವ ಆರಂಭದ ಭಾಗ. ಆಮೇಲೆ ಮೂರು ನಿಮಿಷ ಮಾತು, ಆಮೇಲೆ ಹಾಡು, ಆಮೇಲೆ ಕನ್ನಡಿಯ ವಿವರ. ದೂರುಗಳು 12ನೇ ನಿಮಿಷಕ್ಕೆ ಬರಲಿ.

ಸ್ವಮರುಕದ ವಿಷಯ ನಿಜಕ್ಕೂ ಕಷ್ಟದ್ದೇ, ಒಂದೇ ಗುಂಪಿಗೆ ಹಾಕಲಾಗದು. ನಾಯಕ, ಅಂದರೆ ಆ ನಿರ್ದೇಶಕ ಸುರೇಶ್ ಸಿನ್ಹಾ ಪಾತ್ರ, ತನ್ನ ಮೇಲೆ ತಾನೇ ಮರುಗುತ್ತದೆ, ಅದನ್ನು ಅಲ್ಲಗಳೆದರೆ ಸಭೆ ನಂಬುವುದಿಲ್ಲ. ನೀವು ನೋಡಬೇಕಾದ್ದು, ಪಾತ್ರ ಮರುಗುವಾಗ ಕ್ಯಾಮೆರಾ ಕೂಡ ಜೊತೆಗೆ ಮರುಗುತ್ತದೆಯೇ ಅನ್ನುವುದನ್ನು. ಅವನು ಕುಡಿದು ಮಾತಾಡುವ ದೃಶ್ಯಗಳಲ್ಲಿ ಒಂದೊಂದರಲ್ಲೂ ಗುರುತು ಹಾಕಿಕೊಳ್ಳಿ: ಕ್ಯಾಮೆರಾ ಮುಖದ ಹತ್ತಿರ ಹೋಗುತ್ತದೋ, ದೂರ ನಿಲ್ಲುತ್ತದೋ, ಚೌಕಟ್ಟಿನಲ್ಲಿ ಅವನಿಗೆ ಎಷ್ಟು ಜಾಗ, ಸ್ಟುಡಿಯೋಗೆ ಎಷ್ಟು ಜಾಗ. ಹತ್ತಿರ ಹೋಗಿ ಸಂಗೀತವೂ ಏರಿದ ಕಡೆ ದೂರು ನಿಜ, ಬಿಟ್ಟುಕೊಡಿ. ಅವನನ್ನು ಆ ದೊಡ್ಡ ಖಾಲಿ ಜಾಗದಲ್ಲಿ ಸಣ್ಣಗೆ ನಿಲ್ಲಿಸಿದ ಕಡೆ ಚಿತ್ರ ಅವನಿಗಿಂತ ಹೆಚ್ಚು ತಿಳಿದಿದೆ. ಕೊನೆಗೆ ಅವನು ಸ್ಟುಡಿಯೋದಲ್ಲಿ ನಿರ್ದೇಶಕನ ಕುರ್ಚಿಯಲ್ಲೇ ಸಾಯುವ ಭಾಗಕ್ಕೂ ಇದೇ ಅಳತೆ ಹಿಡಿಯಿರಿ. ಎರಡೂ ಬಗೆಯದರಿಂದ ಒಂದೊಂದು ಸ್ಥಿರಚಿತ್ರ ತೆಗೆದು ಅಕ್ಕಪಕ್ಕ ತೋರಿಸಿ. ಯಾವುದು ಎಷ್ಟಿದೆ ಅನ್ನುವ ಲೆಕ್ಕ ನಿಮ್ಮ ಮೂರು ಕಾಲಂನ ಕಾಗದದಲ್ಲೇ ಸಿಗುತ್ತದೆ.

ಸಭೆಯ ಹಿಂದಿನ ದಿನ ಅದೇ ಹಾಲಿನಲ್ಲಿ, ಅದೇ ಹೊತ್ತಿಗೆ, ಕೊನೆಯ ಸಾಲಿನಲ್ಲಿ ಕೂತು ಮೂರೂ ತುಣುಕು ನೋಡಿ. ಕೋಲಿನೊಳಗಿನ ದೂಳು ಅಲ್ಲಿಂದ ಕಾಣದಿದ್ದರೆ ಕೊನೆಯ ಎರಡು ಸಾಲು ಕುರ್ಚಿ ತೆಗೆದು ಮುಂದಕ್ಕೆ ಹಾಕಿಸಿ.